ತುಟಿಯ ಮೇಲಿನ ಬೆರಳು

ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ
ಬಂದದ್ದು ಎರಡೇ:
ಹನ್ನೆರಡು ಬೆಳ್ಳಿ ಚಮಚ
ಮತ್ತು ಒಂದು 'ಶ್'.
ಚಮಚಗಳಿಗೆ ಮಖಮಲ್ಲಿನ ಪೆಟ್ಟಿಗೆಯಿದೆ.
'ಶ್'ಗೆ ನಾಲಿಗೆಯ ತುದಿಯೇ ಸಾಕು,
ತಿಕ್ಕಿ ಹೊಳಪಿಡಬೇಕಾಗಿಲ್ಲ.

ಮಿಲ್ವಾಕಿಯ ಬಸ್ಸು. ಕಿಟಕಿಗೆ ಹಿಮ.
ಎಮಿಲನಿಗೆ ಆಗ ಮೂರೂವರೆ.
ಎದುರು ಸೀಟಿನ ಮುದುಕರ ಕೈ ನೋಡಿ
ಬಸ್ಸಿಗೆಲ್ಲ ಕೇಳುವಂತೆ:
'ಅಮ್ಮಾ, ಅವರ ಅಂಗೈ ಮಾತ್ರ ಯಾಕೆ ಬೆಳ್ಳಗೆ?'
ಶ್, ಅಂದೆ.
ಮುದುಕರು ಕೈಗವಸು ಹಾಕಿಕೊಂಡರು.
ಮಗು ಆ ದಿನ ಏನೋ ಕಲಿತ;
ಕಲಿಸಿದವಳು ನಾನು.
ನಾನು ಒಳ್ಳೆಯವಳು, ಯಾರಿಗೂ ಕೆಟ್ಟದ್ದು ಆಡಿದವಳಲ್ಲ
ಎಂದು ರಾತ್ರಿ ಪಾತ್ರೆ ತೊಳೆಯುತ್ತ ಹೇಳಿಕೊಂಡೆ,
ಯಾರೂ ಕೇಳಿರದಿದ್ದರೂ.

ಆಮೇಲೆ ಒಂದು ಜೂನ್.
ಎಮಿಲನಿಗೆ ಏಳು, ಜಮಾರಿಗೂ ಏಳು.
ಇಬ್ಬರ ಕೈಯಲ್ಲೂ ನೀರಿನ ಪಿಸ್ತೂಲು, ನಾನೇ ತಂದದ್ದು,
ಒಂದು ಕೊಂಡರೆ ಒಂದು ಉಚಿತ.
ಪಾರ್ಕಿನ ಬೆಂಚಿನಿಂದ ರೊಲಾಂಡಾ ಎದ್ದಳು.
ಓಡಲಿಲ್ಲ, ಕೂಗಲಿಲ್ಲ,
ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ
ಪಿಸ್ತೂಲನ್ನು ಚೀಲದೊಳಗೆ, ಬಾಳೆಹಣ್ಣಿನ ಕೆಳಗಿಟ್ಟು
ಜಿಪ್ ಎಳೆದಳು.
'ಬರೀ ನೀರು ಕಣೇ' ಎಂದೆ.
ಅವಳು ನನ್ನನ್ನು ನೋಡಲಿಲ್ಲ, ಗೇಟಿನಾಚೆ ನೋಡುತ್ತಿದ್ದಳು.
ಅಲ್ಲಿ ಪೊಲೀಸ್ ಕಾರೊಂದು ನಿಧಾನ, ತನ್ನ ಪಾಡಿಗೆ.
ನನ್ನ ಮಗ ಮರಕ್ಕೆ ಹೊಡೆದ, ನಾಯಿಗೆ ಹೊಡೆದ,
ಆ ಕಾರಿಗೂ ಗುರಿಯಿಟ್ಟ.
ಒಳಗಿಂದ ಯಾರೋ ನಕ್ಕು ಕೈ ಬೀಸಿದರು.

ಅರ್ಥವಾಗುವಾಗ ರಾತ್ರಿ ಹನ್ನೊಂದು.
ಮರುದಿನ ಅವಳ ಬಾಗಿಲಿಗೆ ಹೋದೆ
ಸೇಬಿನ ಕೇಕು ಹಿಡಿದು, ಅಳುತ್ತ.
'ಕೇಕು ಕೊಡು' ಎಂದಳು,
'ಅಳು ನಿನ್ನ ಮನೆಯಲ್ಲೇ ಇರಲಿ.
ಆಸ್ಪತ್ರೆಯಲ್ಲಿ ಹನ್ನೆರಡು ತಾಸು ನಿಂತು ಬಂದಿದ್ದೇನೆ,
ನಿನ್ನ ಕಣ್ಣೂ ನಾನೇ ಒರೆಸಲಾ?'
ಬಾಗಿಲು ಹಾಕಲಿಲ್ಲ.
ಪೂರ್ತಿ ತೆರೆಯಲೂ ಇಲ್ಲ.

ಪುಸ್ತಕಗಳನ್ನು ತಂದೆ. ಸಾಲುಗಳ ಕೆಳಗೆ ಗೆರೆ ಎಳೆದೆ.
ಗೆರೆ ಎಳೆಯುವುದರಲ್ಲಿ ನಮ್ಮೂರು ಮೊದಲಿಂದ ಪಳಗಿದೆ:
ಈ ಬೀದಿಯಾಚೆಯವರಿಗೆ ಸಾಲವಿಲ್ಲ,
ಆ ಸೇತುವೆ ದಾಟಿದವರಿಗೆ ಮನೆಯಿಲ್ಲ.
ನಮ್ಮಜ್ಜ ಮನೆ ಕೊಂಡದ್ದು
ಗೆರೆಯ ಈಚೆ, ಕಡಿಮೆ ಬಡ್ಡಿಗೆ.
ಅದೇ ಮನೆಯ ಅಟ್ಟದಲ್ಲಿ ಕೂತು ಓದುತ್ತಿದ್ದೆ.

ಕ್ರಿಸ್‌ಮಸ್ಸಿನ ಊಟಕ್ಕೆ ಗೆರ್ಹಾರ್ಟ್ ಮಾವ
ಮಾಂಸ ಕೊಯ್ಯುತ್ತ ಹಳೇ ಜೋಕು ತೆಗೆದರು.
ಬೆಳ್ಳಿ ಚಮಚಗಳೆಲ್ಲ ನಕ್ಕವು.
ಪ್ರತಿವರ್ಷ ಆ ಹೊತ್ತಿಗೆ ನಾನು
ಅಡುಗೆಮನೆಯಲ್ಲಿ ಉಪ್ಪು ಹುಡುಕುತ್ತಿರುತ್ತೇನೆ.
ಈ ಸಲ ಉಪ್ಪು ಮೇಜಿನ ಮೇಲೇ ಇತ್ತು.
'ಅರ್ಥವಾಗಲಿಲ್ಲ ಮಾವ, ಬಿಡಿಸಿ ಹೇಳಿ.'
ದನಿ ಬೀಳಲಿರುವ ಹಾಲುಹಲ್ಲಿನಂತೆ ಅಲುಗುತ್ತಿತ್ತು.
ಅವರು ಬಿಡಿಸಲು ಹೋದರು, ತಡವರಿಸಿದರು,
ಗ್ರೇವಿ ಆರಿ ಕೆನೆಗಟ್ಟಿತು.
ಮೇಜಿನ ಆ ತುದಿಯಲ್ಲಿ ಅಮ್ಮ
ತುಟಿಯ ಮೇಲೆ ಬೆರಳಿಟ್ಟಳು.
ಎಮಿಲ್ ಅಜ್ಜಿಯನ್ನು ನೋಡಿದ, ನನ್ನನ್ನು ನೋಡಿದ,
ಮತ್ತೆ ಅಜ್ಜಿಯ ಬೆರಳನ್ನು.

ಗೆದ್ದ ಕಥೆಯಲ್ಲ ಇದು.
ಮುಂದಿನ ವಾರವೇ ದಂತವೈದ್ಯರ ಕಟ್ಟಡದ ಲಿಫ್ಟಿನಲ್ಲಿ
ಯಾರೋ ಒಳಬಂದರು, ಎತ್ತರದ ಯುವಕ, ತಲೆಗೆ ಉಣ್ಣೆಟೋಪಿ,
ನನ್ನ ಕೈ ನನ್ನನ್ನು ಕೇಳದೆ
ಚೀಲವನ್ನು ಎದೆಗೊತ್ತಿಕೊಂಡಿತು.
'ಯಾಕಮ್ಮಾ, ಚೀಲ ಹಾಗೆ ಹಿಡಿದೆ?'
'ಶ್' ನಾಲಿಗೆಯ ತುದಿವರೆಗೆ ಬಂತು.
ನುಂಗಿದೆ. ಗಂಟಲಲ್ಲಿ ಮೀನಿನ ಮುಳ್ಳು.
ಮೂರನೇ ಮಹಡಿ.
'ಹೆದರಿದೆ' ಎಂದೆ, ಎಲ್ಲರಿಗೂ ಕೇಳುವಂತೆ,
'ಹೆದರಲು ಕಾರಣವಿರಲಿಲ್ಲ. ತಪ್ಪು ನನ್ನದು.'
ಯುವಕ ಏನೂ ಅನ್ನಲಿಲ್ಲ.
ಯಾಕನ್ನಬೇಕು?
ನಾಲ್ಕರಲ್ಲಿ ಬಾಗಿಲು ತೆರೆಯಿತು, ಇಳಿದು ಹೋದ.

ನಮಗಿನ್ನೂ ಮೂರು ಮಹಡಿಯಿತ್ತು.
ಎಮಿಲನ ಬಳಿ ಪ್ರಶ್ನೆಗಳೂ ಇದ್ದವು.