ಬುರುಡೆ

ಮೊದಲ ಮೈಕು ಮೇಲೆ, ಒಂದು ಗೇಣು ದೂರ.
ಕಾನಿಂಬಾ ಬಡಿದಳು. ನನಗೆ ಕೇಳಿದ್ದು
ಸೌಟಿನ ಸದ್ದು, ಅಷ್ಟೆ.
ಒಳಮನೆಯಲ್ಲಿ ಯಾರೋ ಮುನಿಸಿಕೊಂಡ ಹಾಗೆ.

ಯಾನ್‌ಫೋಲಿಲಾದ ಅಂಗಳ. ಮಾವಿನ ನೆರಳು.
ದೊಡ್ಡ ಬೋಗುಣಿಯ ತುಂಬ ಬಾವಿಯ ನೀರು,
ಅದರ ಮೇಲೆ ಬೋರಲಾಗಿ ತೇಲುವ ಅರ್ಧ ಸೋರೆಬುರುಡೆ.
ಒಳಗೆ ಸಿಕ್ಕಿಬಿದ್ದ ಗಾಳಿಯೇ ಇಲ್ಲಿ ಮದ್ದಳೆ.
ಚರ್ಮವಿಲ್ಲ, ಬಿಗಿಯಲು ಹಗ್ಗವಿಲ್ಲ,
ಶ್ರುತಿ ತಪ್ಪಿದರೆ
ಒಂದು ಚೊಂಬು ನೀರು ಮೊಗೆದು ಚೆಲ್ಲಿದರಾಯಿತು.

ಎರಡನೆಯ ಮೈಕು ಬದಿಗೆ.
ಕೋಳಿ ಬಂತು, ಗಾಳಿ ಬಂತು,
ರಸ್ತೆಯ ಮೋಟಾರುಬೈಕು ಪೂರ್ತಿ ಬಂತು.
"ಅದು ಒಳಗಿದೆ, ನೀನು ಹೊರಗೆ ಹುಡುಕ್ತೀ"
ಅಂದಳು ಕಾನಿಂಬಾ,
ಸೌದೆ ಎಲ್ಲಿದೆಯೆಂದು ತೋರಿಸುವ ದನಿಯಲ್ಲಿ.

ನೀರಿಗಿಳಿಸಬೇಕು. ಇಳಿಸಿದರೆ ಸಾಯುತ್ತದೆ.
ಬಮಾಕೋದ ಅಂಗಡಿಗೆ ಇನ್ನೂ ಮೂರು ಕಂತು ಬಾಕಿ.
ಬುರ್ಲಾಯನ ಕಿವಿಯಲ್ಲಿ ಹೇಳಿ ಔಷಧಿ ಅಂಗಡಿಗೆ ಅಟ್ಟಿದೆ.
ವ್ಯಾನಿನ ಚಾಲಕ, ಈ ಊರಿನದೇ ಅಳಿಯ.
ಬೆವೆತ ಮುಷ್ಟಿಯಲ್ಲಿ ಪೊಟ್ಟಣ ಹಿಡಿದು ಬಂದ.
ಗಲ್ಲಾದಲ್ಲಿ ಕೂತಿದ್ದವನು
ಹೆಣ್ಣು ಕೊಟ್ಟ ಮಾವನಂತೆ.

ಆದಷ್ಟು ಗಂಭೀರವಾಗಿ
ಮೈಕಿಗೆ ಕಾಂಡೋಮು ತೊಡಿಸಿ ಬುಡಕ್ಕೆ ದಾರ ಸುತ್ತಿದೆ.
ಮುದುಕಿಯರು ಮೊದಲು ಸುಮ್ಮನಿದ್ದರು.
ಆಮೇಲೆ ಸಿರಾಂಬಾ:
"ಸದ್ಯ, ಬೋಗುಣಿಗಿನ್ನು ಬಸಿರಿನ ಭಯವಿಲ್ಲ."

ಅಂಗಳವೇ ಹೊಟ್ಟೆ ಹಿಡಿದುಕೊಂಡಿತು.
ಕಣ್ಣೊರೆಸಿಕೊಳ್ಳುತ್ತ, ನಗು ಮುಗಿಯುವ ಮೊದಲೇ,
ಕಾನಿಂಬಾ ಬಡಿಯತೊಡಗಿದಳು.

ಬುರುಡೆ ಬಿಡುತ್ತಿಲ್ಲ, ಕೇಳಿ:
ಗುಡುಗು ಅನ್ನಲಾರೆ, ಗುಡುಗು ದೂರದ್ದು.
ಹೊಟ್ಟೆಯಲ್ಲಿರುವ ಕೂಸಿಗೆ
ತಾಯಿ ಬಾಗಿಲು ಹಾಕಿಕೊಂಡದ್ದು ತಿಳಿಯುವ ಬಗೆ ಅದು,
ಮೊದಲು ಮೈಗೆ, ಆಮೇಲೆ ಕಿವಿಗೆ.
ಪೆಟ್ಟು ಪೆಟ್ಟಿನ ನಡುವೆ
ನೀರಿನಿಂದ ಅಂಚು ಬಿಡಿಸಿಕೊಳ್ಳುವ ಸಣ್ಣ ಲೊಚಕ್ಕು.
ಅದರಡಿಗೆ ಆ ನಗು,
ಮಾತೆಲ್ಲ ಮೇಲೆಯೇ ಉಳಿದು
ಬರಿಯ ಅಲೆಯಾಗಿ ಇಳಿದದ್ದು.

ಹತ್ತು ನಿಮಿಷಕ್ಕೆ ದಾರ ಸಡಿಲಿತು,
ಮೈಕು ಗೊಟಕ್ಕೆಂದಿತು.

ಉಳಿದಷ್ಟನ್ನು ಕಾನಿಂಬಾಳ ಕಿವಿಗಿಟ್ಟೆ.
ಕಣ್ಣು ಮುಚ್ಚಲಿಲ್ಲ, ತಲೆದೂಗಲಿಲ್ಲ.
"ನನ್ನ ಕೈಗೆ ಅರವತ್ತು ವರ್ಷದಿಂದ
ಹೀಗೇ ಕೇಳ್ತಿದೆ. ನಿನಗೆ ಇವತ್ತಾ?"
ಎಂದು ಹೆಡ್‌ಫೋನು ತೆಗೆದುಕೊಟ್ಟಳು.

ಬೋಗುಣಿಯ ನೀರು ಮಾವಿನ ಬುಡಕ್ಕೆ ಹೋಯಿತು.
ಬುರುಡೆಯನ್ನು ಕೊಡವಿ, ಅಂಗಾತ ಮಾಡಿ,
ಅದರಲ್ಲೇ ಅನ್ನ ಬಡಿಸಿದರು, ಮೇಲೆ ಕಡಲೆಕಾಯಿಯ ಸಾರು.
ಸುತ್ತ ಕೂತು ಉಂಡೆವು.

ಬುರ್ಲಾಯ ಮಾತ್ರ ವ್ಯಾನಿನಿಂದ ಇಳಿಯಲೇ ಇಲ್ಲ.