ಬಂದರು

ಬುಡೇನ್ ಸಾಬರು ಮುಂದಿನ ಸೀಟಿನಲ್ಲಿ.
ಬೆಲ್ಟ್ ಹಾಕಿಕೊಳ್ಳಲು ಒಪ್ಪಲಿಲ್ಲ.
"ನಾನೇನು ಅಂಡಿಗೆಯೇನವ್ವ, ಬಿಗಿದು ಕಟ್ಟೋಕೆ?"

ನಲವತ್ತು ವರ್ಷ ದಾವಣಗೆರೆಯ ಮಿಲ್ಲಿನ ಗೋದಾಮಿನಲ್ಲಿ
ಹತ್ತಿಯ ಅಂಡಿಗೆಗಳ ಮೇಲೆ ತಗಡಿನ ಅಚ್ಚಿಟ್ಟು
ಕಪ್ಪು ಬಳಿದವರು: ಮಂಗಳೂರು ಬಂದರು.
ಬಂದರನ್ನು ಕಂಡವರಲ್ಲ.

ಈಗ ಗೋದಾಮು ಇದ್ದಲ್ಲಿ ಗಾಜಿನ ಅಂಗಡಿ,
ಹೊಸ ರಸ್ತೆಗೆ ಹೊಸ ದೀಪ, ಸೈಕಲ್ಲಿಗೊಂದು ಹಸಿರು ಪಟ್ಟೆ,
ಅದರ ಮೇಲೆ ಮಂಡಕ್ಕಿ ಚೀಲದ ಆಟೋ ನಿಂತಿದೆ.
ಚಿಮಣಿಯೊಂದನ್ನು ಉಳಿಸಿ ಸುಣ್ಣ ಹೊಡೆದಿದ್ದಾರೆ.
"ಹಡಗಿಗೆ ದಾರಿ ತೋರಿಸೋಕೇನೋ" ಎಂದರು. ನಗಲಿಲ್ಲ.

ಸಂತೇಬೆನ್ನೂರು ದಾಟಿ, ಗುಡ್ಡದ ತಿರುವಿನಲ್ಲಿ
ಸೂಳೆಕೆರೆ ಒಮ್ಮೆಲೇ ಎದ್ದು ನಿಂತಿತು.
ಮೂರನೇ ಗೇರಿಗಿಳಿಸಿದೆ, ಆಮೇಲೆ ಎರಡಕ್ಕೆ.
ಏರಿಯುದ್ದಕ್ಕೂ ಗಾಳಿ, ಮೀನಿನ ವಾಸನೆ,
ಬೋರಲಾಗಿ ಒಣಗುತ್ತಿದ್ದ ತೆಪ್ಪ.
ಆಚೆ ದಡ ಮಸುಕು;
ಇಲ್ಲವೆಂದುಕೊಂಡರೂ ನಡೆಯುತ್ತಿತ್ತು.

ತೂಬಿನ ಬಳಿ ಇಳಿದರು.
ಪೈಜಾಮ ಎತ್ತಿ ಹಿಡಿದು, ಬಗ್ಗಿ, ಬೊಗಸೆ ನೀರು ಬಾಯಿಗೆ.
ಮುಖ ಸಿಂಡರಿಸಲು ಮೊದಲೇ ಸಿದ್ಧರಾಗಿದ್ದರು.
"ಸಪ್ಪೆ" ಎಂದರು, ಮೋಸಹೋದವರ ಹಾಗೆ.
ಮತ್ತೊಂದು ಬೊಗಸೆ ಕುಡಿದರು.

ಹೊರಡುವಾಗ ಹಿಂಗಾಜಿನ ಧೂಳಿನ ಮೇಲೆ
ಬೆರಳಿನಿಂದ ಒಂದೇ ಪದ ಬರೆದರು,
ಅಚ್ಚಿಲ್ಲದೆ, ಅಚ್ಚಿನಷ್ಟೇ ನೇರ.
ಕೊನೆಯ ಕೊಂಬು ಮಾತ್ರ ತುಸು ನಡುಗಿತ್ತು.
ದಾರಿಯುದ್ದಕ್ಕೂ ನನ್ನ ಕನ್ನಡಿಯಲ್ಲಿ
ಅದು ನೆಟ್ಟಗೆ ಕಂಡಿತು.

ಊರ ಹೊರಗಿನ ಬಂಕಿನಲ್ಲಿ
ಪೆಟ್ರೋಲ್ ಹುಡುಗ ಪೈಪು ಹಿಡಿದೇ ಓದಿದ.
"ಯಾರಕ್ಕ? ಯಾರು ಬಂದರು?"

ಸಾಬರು ಕಿಟಕಿ ಇಳಿಸಲು
ಹಿಡಿ ತಿರುಗಿಸುತ್ತಿದ್ದರು,
ಉಲ್ಟಾ.