ಸಾಲದ ಸಾಲು

ಗುರುವಾರ ಸಂಜೆ ಏಳಕ್ಕೆ, ಬಫಲೊ ಊರಿನ ಪೂರ್ವದ ಮಗ್ಗುಲಲ್ಲಿ,
ಮಿಸ್ ಡೆಲ್ಫಿನ್ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ
ಹನ್ನೊಂದು ಮಡಚುವ ಕುರ್ಚಿ, ಒಂದರ ಕಾಲು ಸೊಟ್ಟ.
ಮೈಕಿಲ್ಲ. ಒಣಗಿಸುವ ಯಂತ್ರಗಳ ಗಡಗಡಕ್ಕಿಂತ
ಒಂದು ಗೇಣು ಮೇಲೆ ದನಿ ಎತ್ತಬೇಕು, ಅಷ್ಟೆ.
ಇಲ್ಲಿ ಬೆಳೆದ ಕವಿಗಳಿಗೆಲ್ಲ ಗಂಟಲು ದೊಡ್ಡದು, ಅದಕ್ಕೇ.

ನಾನು ಲೂಷಿಯಸ್ ಪೆಟ್‌ವೇ. ಇಪ್ಪತ್ತಾರು ವರ್ಷ
ಇಪ್ಪತ್ಮೂರನೇ ನಂಬರಿನ ಬಸ್ಸು ಓಡಿಸಿದವನು.
ಕವಿತೆ ಬರೆದದ್ದು ಕಡಿಮೆ; ಬರೆದವರ ಹೆಸರನ್ನು
ಈ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದದ್ದೇ ಹೆಚ್ಚು.
ಹೆಸರಿನ ಎದುರು ಎರಡು ಕಲಂ:
ಯಾರಿಂದ ತಂದರು, ಏನು ತಂದರು.

ಇಲ್ಲಿರುವುದು ಒಂದೇ ಕಟ್ಟಳೆ.
ಹೊಸಬರು ಯಾರೇ ಬರಲಿ, ಮೊದಲು
ಹಿರಿಯರೊಬ್ಬರಿಂದ ಒಂದು ಸಾಲು ಸಾಲ ತರಬೇಕು,
ಅದನ್ನು ಬಾಯಿಪಾಠ ಹೇಳಿ, ಆಮೇಲೆ ತಮ್ಮದು.
ಬಡ್ಡಿ ಇಲ್ಲ. ತೀರಿಸುವ ಗಡುವೂ ಇಲ್ಲ.
ನಮ್ಮ ಕಪ್ಪು ಜನರ ಬೀದಿಗಳ ಸುತ್ತ
ಬ್ಯಾಂಕಿನವರು ಕೆಂಪು ಗೆರೆ ಎಳೆದ ಕಾಲದಲ್ಲಿ
ನಮಗೆ ನಾವೇ ಕೊಟ್ಟುಕೊಂಡ ಸಾಲ ಇದೊಂದೇ
ಎನ್ನುತ್ತಿದ್ದ ಲೆಮ್ಯುಯೆಲ್, ಉಕ್ಕಿನ ಕುಲುಮೆಯವನು,
ಕೆಮ್ಮಿನ ನಡುವೆ ಸಿಕ್ಕ ಜಾಗದಲ್ಲಷ್ಟೇ ಓದುತ್ತಿದ್ದವನು;
ಅವನ ಸಾಲುಗಳು ಅಷ್ಟು ಗಿಡ್ಡವಾದದ್ದು ಹಾಗೆ.
ಅವನು ಹೋಗಿ ಎಷ್ಟೋ ಕಾಲವಾಯಿತು.
ಅವನಿಂದ ಕಲಿತ ಮೂವರು ಇವತ್ತಿಗೂ
ಕೆಮ್ಮಿಲ್ಲದೆಯೂ ಅಲ್ಲಲ್ಲೇ ನಿಲ್ಲುತ್ತಾರೆ.

ಮೊನ್ನೆ ಬಂದಳು ಇಮಾರಾ, ಹದಿನಾಲ್ಕರ ಹುಡುಗಿ.
ಅಜ್ಜಿಯ ಹಾಸಿಗೆ ಬಟ್ಟೆ ಒಗೆಯಲು ಬಂದವಳು
ನಾಲ್ಕು ವಾರ ಬಾಗಿಲಲ್ಲೇ ನಿಂತು ಕೇಳಿದ್ದಳು,
ಕಂಕುಳಲ್ಲಿ ಸೋಪಿನ ಡಬ್ಬ.
"ಮಿಸ್ ಒಜೆಲ್ಲಾ ಅವರಿಂದ ತಂದಿದ್ದೀನಿ" ಅಂದಳು.

ಒಜೆಲ್ಲಾ ಟಿಬ್ಸ್. ಎಂಬತ್ತಮೂರು. ಮೂಲೆಯಲ್ಲಿ,
ಮಡಿಲಲ್ಲಿ ಕೈಚೀಲ, ತಲೆಯ ಮೇಲೆ ನೇರಳೆ ಹ್ಯಾಟು.
ಲಕ್ವ ಹೊಡೆದು ಅರ್ಧ ಬಾಯಿ ಮಾತ್ರ ಕೆಲಸಕ್ಕಿದೆ;
ನಮಗೆಲ್ಲ ಆ ಅರ್ಧವೇ ಸಾಕೋ ಸಾಕು.
ಅವಳ ಆ ಕವಿತೆ ಯಾರಿಗೆ ಗೊತ್ತಿಲ್ಲ!
ಹೆದ್ದಾರಿಗೆಂದು ನೆಲ ಅಗೆಯುವ ಮುಂಚೆ
ಬೀದಿಯ ನಡುವೆ ಎಲ್ಮ್ ಮರಗಳ ಸಾಲಿತ್ತು.
ಗರಗಸ ಬರುವ ಹಿಂದಿನ ರಾತ್ರಿ, ಹತ್ತೊಂಬತ್ತರ ಒಜೆಲ್ಲಾ
ಒಬ್ಬಳೇ ನಡೆದು ಒಂದೊಂದನ್ನೂ ಮುಟ್ಟಿದ್ದಳು.
'ಮರಗಳನ್ನು ನಾನು ಎಣಿಸಿದೆ' ಎಂದು ಶುರು.

ಹುಡುಗಿ ಕಣ್ಣು ಮುಚ್ಚಿದಳು. ಉಗುಳು ನುಂಗಿದಳು.
'ಮರಗಳು ನನ್ನನ್ನು ಎಣಿಸಿದವು' ಅಂದಳು.

ಯಾರದೋ ಕುರ್ಚಿ ಕಿರ್ರೆಂದಿತು.
ಆ ಸಾಲನ್ನು ಈ ಪುಸ್ತಕದಲ್ಲಿ ಒಂಬತ್ತು ಸಲ ಬರೆದ ಕೈ ನನ್ನದು,
ಒಮ್ಮೆಯೂ ಒತ್ತಕ್ಷರ ಜಾರಲು ಬಿಟ್ಟವನಲ್ಲ.
ತಿದ್ದಲು ಬಾಯಿ ತೆರೆದೆ.
ಒಜೆಲ್ಲಾ ಊರುಗೋಲಿನಿಂದ ನನ್ನ ಬೂಟು ಕುಟ್ಟಿದಳು.

"ತಪ್ಪು," ಅಂದಳು, ಸಿಟ್ಟಿನಲ್ಲೇ.
ಆಮೇಲೆ ಯಂತ್ರವೊಂದು ಸುತ್ತಿ ಸುತ್ತಿ ನಿಲ್ಲುವಷ್ಟು ಹೊತ್ತು
ಏನೂ ಅನ್ನಲಿಲ್ಲ.
ಆಮೇಲೆ: "ಎಷ್ಟು ಅಂತ ಎಣಿಸಿದವು?"

ಹುಡುಗಿಗೆ ಮರಗಳೇ ಗೊತ್ತಿಲ್ಲ.
ಅವಳ ಅಮ್ಮ ಹುಟ್ಟುವ ಮುಂಚೆಯೇ ಉರುಳಿದ್ದವು.
ಗೊತ್ತಿರುವುದು ಕಿಟಕಿಯ ಕೆಳಗೆ
ರಾತ್ರಿಯಿಡೀ ಹರಿಯುವ ಲಾರಿಗಳು,
ತಮ್ಮನ ಇನ್‌ಹೇಲರಿನ ಉಸ್ಸೆನ್ನುವ ಸದ್ದು.
"ಮನೇಲಿ ಐದು ಜನ," ಅಂದಳು ಯೋಚಿಸಿ.
"ಅಣ್ಣನನ್ನೂ ಸೇರಿಸಿದರೆ ಆರು."
ಅಣ್ಣ ಎಲ್ಲಿ ಎಂದು ಯಾರೂ ಕೇಳಲಿಲ್ಲ.
"ಸೇರಿಸು," ಅಂದಳು ಒಜೆಲ್ಲಾ.

ಆಮೇಲೆ ತನ್ನದನ್ನು ಓದಿದಳು. ಅಷ್ಟೇನೂ ಚೆನ್ನಾಗಿರಲಿಲ್ಲ,
ಹೇಳಿಬಿಡುತ್ತೇನೆ; ಎರಡು ಕಡೆ ಎಳೆಯಿತು.
ಆದರೆ ಲೆಮ್ಯುಯೆಲ್‌ನ ಹೆಸರೂ ಕೇಳದ ಈ ಮಗು
ಒಂದು ಸಾಲಿನ ಅರ್ಧಕ್ಕೆ ಥಟ್ಟನೆ ನಿಂತಳು,
ಸರಿಯಾಗಿ ಒಂದು ಕೆಮ್ಮಿನಷ್ಟು.

ಪುಸ್ತಕ ತೆರೆದೆ. ಯಾರಿಂದ: ಒ. ಟಿಬ್ಸ್.
ಏನು: ಒಂದು ಸಾಲು ಮರ.

ಹಾಸಿಗೆ ಬಟ್ಟೆ ಇನ್ನೂ ಹಸಿ, ಹುಡುಗಿಯ ಬಳಿ ಚಿಲ್ಲರೆ ಮುಗಿದಿತ್ತು.
ಒಜೆಲ್ಲಾ ಕೈಚೀಲದ ತಳ ತಡಕಿ
ಕಾಲು ಡಾಲರಿನ ನಾಣ್ಯ ತೆಗೆದು ಅವಳ ಅಂಗೈಗೆ ಒತ್ತಿ
ಅರ್ಧ ಬಾಯಲ್ಲಿ ಅಂದಳು:
"ಇದನ್ನ ಮಾತ್ರ ವಾಪಸ್ಸು ಕೊಡಬೇಕು."